ಪ್ರೊಜೆಕ್ಟರಿಗೊಂದು ನಿಂಬೆಹಣ್ಣು

ನೋಡಿದವರೆಲ್ಲ ಸತ್ತುಹೋಗಿರುವ ಸಿನಿಮಾಕ್ಕೆ ಅಭಿಮಾನಿಯಾಗಬೇಕೆಂದರೆ ನಮ್ಮ ಸೋದರಮಾವನಷ್ಟು ಧೈರ್ಯ ಬೇಕು!

ನೂರು ವರ್ಷದ ಹಿಂದೆ ಇಲ್ಲೇ ನ್ಯೂಜೆರ್ಸಿಯಲ್ಲಿ ತೆಗೆದ ಮೂಕಿಚಿತ್ರವಂತೆ. ಹಡಗಿನಿಂದಿಳಿದ ಮೊದಲ ವಲಸಿಗರು ಕಾಡು ಕಡಿದು ಮನೆ ಕಟ್ಟುವ ಕಥೆ. ಒಂದು ಪ್ರತಿಯೂ ಉಳಿದಿಲ್ಲ. ಉಳಿದಿರುವುದು ಒಂದೇ ಫೋಟೋ: ಎತ್ತಿನ ಗಾಡಿಯಲ್ಲಿ ಕುಳಿತ ಹೆಂಗಸೊಬ್ಬಳು ಹಿಂತಿರುಗಿ ನೋಡುತ್ತಿದ್ದಾಳೆ. ಅಷ್ಟೇ ಸಾಕಾಯಿತು. ಅತ್ತೆ ತೀರಿಕೊಂಡ ವರ್ಷದಿಂದ ಮಾವ ಪ್ರತಿ ಶನಿವಾರ ಹಿಲ್ಸ್‌ಬರೋ ಸುತ್ತಮುತ್ತಲ ಗರಾಜ್ ಸೇಲ್‌ಗಳಲ್ಲಿ ಫಿಲ್ಮಿನ ಡಬ್ಬಿ ಹುಡುಕುತ್ತಾರೆ. ಡ್ರೈವರ್ ನಾನು.

ಗರಾಜ್ ಸೇಲ್ ಎಂದರೇನು? ಸತ್ತವರ ಕನ್ನಡಕ, ಕಾಫಿ ಲೋಟಗಳನ್ನು ಮನೆ ಮುಂದಿನ ಹುಲ್ಲಿನ ಮೇಲೆ ಹರಡಿ ಮಾರುವುದು. ಪ್ರತಿ ಸಲವೂ ನನಗೆ ಅಲ್ಲಿ ನನ್ನ ಕನ್ನಡಕವೇ ಕಾಣಿಸುತ್ತದೆ!

ಕೊಂಡ ಡಬ್ಬಿಗಳೆಲ್ಲ ಬಂದು ಬೀಳುವುದು ನನ್ನ ಗರಾಜಿಗೆ. ಅಷ್ಟು ಹಳೆಯ ಫಿಲ್ಮು ತಾನಾಗಿಯೇ ಹೊತ್ತಿಕೊಳ್ಳುತ್ತದೆಂದು ಓದಿದ ದಿನವೇ ಮೂರು ಸ್ಮೋಕ್ ಅಲಾರಂ ಹಾಕಿಸಿದೆ. ಸಾರಿಗೆ ಒಗ್ಗರಣೆ ಹಾಕಿದರೆ ಮೂರೂ ಒಟ್ಟಿಗೆ ಕೂಗುತ್ತವೆ. ಡಬ್ಬಿಗಳಲ್ಲಿ ಸಿಕ್ಕಿದ್ದಾದರೂ ಏನು? ಮೊಳೆ, ಗುಂಡಿ, ಒಮ್ಮೆ ಯಾರದೋ ನಾಯಿಯ ಬೂದಿ. ಅಂದು ಮಾವ ತಾವು ಸ್ನಾನ ಮಾಡಿದ್ದಲ್ಲದೆ ನನ್ನನ್ನೂ ಮಾಡಿಸಿದರು!

ಈ ಸಲದ ಆಯುಧಪೂಜೆಗೆ ಮಾವ ನನ್ನ ಕಾರಿನ ಚಕ್ರಗಳಿಗೆ ನಿಂಬೆಹಣ್ಣಿಟ್ಟ ಮೇಲೆ, ಓಡಿಸಲು ಒಂದಡಿ ಫಿಲ್ಮೂ ಇಲ್ಲದ ತಮ್ಮ ಪ್ರೊಜೆಕ್ಟರಿಗೂ ಒಂದಿಟ್ಟರು.

“ಅದೇನು ರಸ್ತೆಗಿಳಿಯತ್ತಾ ಮಾವ?”

“ನಿನ್ ಟ್ರೆಡ್‌ಮಿಲ್‌ಗಿಂತ ವಾಸಿ. ಅದೂ ಎಲ್ಲೂ ಹೋಗಲ್ಲ, ನೀನೂ ಹತ್ತಲ್ಲ!”

ನನಗೆ ರೇಗಿತು. “ಆ ಸಿನಿಮಾ ಯಾವತ್ತೋ ಸುಟ್ಟುಹೋಗಿರತ್ತೆ ಮಾವ. ಸಿಗಲ್ಲ. ಯಾಕಿಷ್ಟು ಒದ್ದಾಡ್ತೀರಿ?”

ಮಾವ ಅರಿಶಿನದ ಕೈ ಒರೆಸಿಕೊಂಡರು.

“ನಿಮ್ಮತ್ತೆ ಓಡಾಡೋ ವಿಡಿಯೋ ಅಂತ ಇದ್ದಿದ್ದು ಒಂದೇ ಕ್ಯಾಸೆಟ್ಟು ಕಣೋ. ನಮ್ಮನೆ ಗೃಹಪ್ರವೇಶದ್ದು. ಅದರ ಮೇಲೆ ನಾನೇ ಯಾವುದೋ ಕ್ರಿಕೆಟ್ ಮ್ಯಾಚ್ ರೆಕಾರ್ಡ್ ಮಾಡ್ಬಿಟ್ಟೆ. ‘ಹೋಗ್ಲಿ ಬಿಡಿ, ನಾನೇ ಇದೀನಲ್ಲ’ ಅಂದ್ಲು.”

ಪ್ರೊಜೆಕ್ಟರಿನೆದುರಿನ ಬಿಳಿ ಗೋಡೆಯನ್ನೇ ನೋಡುತ್ತ ಮೆಲ್ಲಗೆಂದರು: “ನೂರು ವರ್ಷದ ಹಿಂದೆ ಕಳೆದಿದ್ದೇ ಸಿಕ್ಬಿಟ್ರೆ...”

ಮುಂದಿನ ಶನಿವಾರ ನಾನು ಒಂದು ಗಂಟೆ ಮೊದಲೇ ಅವರ ಮನೆ ಮುಂದೆ ಹಾರ್ನ್ ಮಾಡಿದೆ.

“ಇಷ್ಟು ಬೇಗ ಯಾಕೋ ಬಂದೆ?” ಮಾವ ಸ್ವೆಟರಿನ ಒಂದೇ ತೋಳಿಗೆ ಕೈತೂರಿಸಿಕೊಂಡು ಹೊರಬಂದರು.

“ಬೇಗ ಹತ್ತಿ ಮಾವ. ನಮಗಿಂತ ಮುಂಚೆ ಬೇರೆ ಯಾರಾದ್ರೂ ಎತ್ಕೊಂಡು ಹೋಗ್ಬಿಟ್ರೆ?”