ಬಾಳೆಕಜೆಯ ಐನೂರನೆಯವನು

ಬೆಳ್ಯಪ್ಪ ಮೇಷ್ಟ್ರಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಕಾರಣ ಒಂದೇ ಒಂದು ತಲೆ. ಅದೂ ಇಲ್ಲದ ತಲೆ.

ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ, ಫೆಬ್ರವರಿ ಇಪ್ಪತ್ತೆಂಟು, ಜನಗಣತಿಯ ಕೊನೆಯ ದಿನ. ಸಂಪಾಜೆಯಿಂದ ಹೊಳೆ ದಾಟಿ ಎರಡು ಮೈಲಿ ಏರಿದರೆ ಸಿಗುವ ಬಾಳೆಕಜೆಯ ಶಾಲೆಯಲ್ಲಿ ಮೇಷ್ಟ್ರು ಬೆಳಗ್ಗೆಯೇ ಗಣತಿಯ ಪುಸ್ತಕ ಬಿಡಿಸಿ ಕೂತು ಮೂರು ಸಲ ಕೂಡಿದರು. ಮೂರು ಸಲವೂ ನಾನೂರ ತೊಂಬತ್ತೊಂಬತ್ತು. ತನ್ನನ್ನೇ ಬಿಟ್ಟಿದ್ದೇನೋ ಎಂದು ಹುಡುಕಿದರು. ಬಿಟ್ಟಿರಲಿಲ್ಲ. ಇಪ್ಪತ್ತಾರು ವರ್ಷ, ಅವಿವಾಹಿತ ಎಂದು ಕೈಯಾರೆ ಬರೆದುಕೊಂಡದ್ದು ಅಲ್ಲೇ ಇತ್ತು. ಅದನ್ನು ಓದಿ ಬೇಸರ ಇನ್ನಷ್ಟು ಹೆಚ್ಚಾಯಿತು.

ಐನೂರು ಆಗಲೇಬೇಕಿತ್ತು. ಹತ್ತು ವರ್ಷದ ಹಿಂದೆ, ಕೊಡಗು ಇನ್ನೂ ಮೈಸೂರಿಗೆ ಸೇರದೆ ತಾನೇ ಒಂದು ರಾಜ್ಯವಾಗಿದ್ದಾಗ, ಲೆಕ್ಕಕ್ಕೆ ಬಂದ ಮಹಾಶಯನೊಬ್ಬ ಆನೆಗೆ ಹೆದರಿ ಹೊಳೆಯನ್ನೇ ದಾಟಿರಲಿಲ್ಲ. ಆಚೆ ದಡದಲ್ಲಿ ಕೂತು ಕೂಗು ಹಾಕಿ, ಓಗೊಟ್ಟವರನ್ನಷ್ಟೇ ಬರೆದುಕೊಂಡು ಹೋದ. ಅಂದಿನಿಂದ ಸರ್ಕಾರದ ಕಾಗದದಲ್ಲಿ ಬಾಳೆಕಜೆ ಎಂಬ ಊರೇ ಇಲ್ಲ, ಅದು ಸಂಪಾಜೆಯ ಬಾಲ. ಪಟೇಲ ಮೊಣ್ಣಪ್ಪನವರಿಗೆ ಇದು ನುಂಗಲಾರದ ತುತ್ತಾಗಿತ್ತು. ರಾಜರ ಕಾಲದಲ್ಲಿ ಬಾಳೆಕಜೆಯಿಂದ ನಲವತ್ತು ಕೋವಿ ಮಡಿಕೇರಿ ಕೋಟೆಗೆ ಹೋಗುತ್ತಿತ್ತು ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಮೇಷ್ಟ್ರು ಈ ಊರಿಗೆ ಬಂದ ನಾಲ್ಕು ವರ್ಷದಲ್ಲಿ ಆ ನಲವತ್ತು ನೂರಿಪ್ಪತ್ತಾಗಿತ್ತು. ಊರಿನ ಚರಿತ್ರೆ ಹೀಗೆ ಬೆಳೆಯುತ್ತಿದ್ದರೂ ಜನ ಮಾತ್ರ ಬೆಳೆಯುತ್ತಿರಲಿಲ್ಲ.

ಈ ಸಲ ಮಡಿಕೇರಿಯಿಂದ ಬಂದ ಗಣತಿಯ ಸೂಪರ್‌ವೈಸರು, "ಐನೂರು ಜನ ಇದ್ರೆ ನಿಮ್ಮೂರಿಗೊಂದು ಪೋಸ್ಟಾಫೀಸು ಬೇಕು ಅಂತ ನಾನೇ ಬರೀತೇನೆ" ಎಂದಿದ್ದರು. ಪೋಸ್ಟಾಫೀಸು ಬಂದರೆ ಅದನ್ನು ನೋಡಿಕೊಳ್ಳುವ ಕೆಲಸ ಶಾಲೆಯ ಮೇಷ್ಟ್ರಿಗೇ. ಪಟೇಲರೋ ಒಂದು ಮದುವೆಯ ಊಟದಲ್ಲಿ, "ಬರೀ ಮೇಷ್ಟ್ರಿಗೆ ಹೆಣ್ಣು ಕೊಡುದು ಕಷ್ಟ. ಪೋಸ್ಟ್ ಮಾಸ್ಟರಿಗಾದ್ರೆ ನೋಡುವ" ಎಂದು ನಗುತ್ತ ಅಂದುಬಿಟ್ಟಿದ್ದರು. ಅವರ ಒಬ್ಬಳೇ ಮಗಳು ಸರೋಜ ಶಾಲೆಯ ಪೆಟ್ಟಿಗೆಯಿಂದ ಕತೆ ಪುಸ್ತಕ ಒಯ್ದು ಓದುತ್ತಿದ್ದಳು. ಹಿಂದಿರುಗಿಸುವಾಗ ಪುಸ್ತಕದ ಮೇಲೆ ಒಂದು ಕಿತ್ತಳೆ ಹಣ್ಣು ಇಡುತ್ತಿದ್ದಳು. ಅವಳೊಡನೆ ಮನಸ್ಸು ಬಿಚ್ಚಿ ಒಂದು ಮಾತೂ ಆಡದೆ, ಎರಡು ವರ್ಷದಿಂದ ಮೇಷ್ಟ್ರು ಆ ಹಣ್ಣುಗಳ ಮೇಲೆಯೇ ಸಂಸಾರ ಕಟ್ಟಿಕೊಂಡಿದ್ದರು.

ಸಂಜೆ ಐದಕ್ಕೆ ಸೂಪರ್‌ವೈಸರು ಪಟೇಲರ ಜಗಲಿಗೆ ಬಂದು ಪುಸ್ತಕ ಒಯ್ಯುವುದಿತ್ತು. ಮೇಷ್ಟ್ರು ಶಾಲೆಗೆ ಬೀಗ ಹಾಕಿ ತಲೆ ಹುಡುಕಿಕೊಂಡು ಹೊರಟರು.

ಮೊದಲು ಕಾಫಿ ತೋಟದ ಆಳುಗಳು ಇರುವ ಲೈನುಮನೆಗಳಿಗೆ ಹೋದರು. ಹಣ್ಣು ಕೊಯ್ಯುವ ಪಿಕ್ಕಿಂಗ್ ಮುಗಿದು ಅವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿದ್ದರು. ಮುದುಕಿ ಚೋಮಿ ಒಬ್ಬಳೇ ಬಾಗಿಲಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು.

"ನನ್ನ ಗಂಡನ್ನ ಬರ್ಕೊಳ್ಳಿ ಮೇಷ್ಟ್ರೆ" ಎಂದಳು ಚೋಮಿ. "ವಯನಾಡಿಗೆ ಹೋಗಿ ಹನ್ನೊಂದು ವರ್ಷ ಆಯ್ತು. ಇವತ್ತು ಬಂದ್ರೂ ಬಂದಾನು."

"ಕಾಗದ ಗೀಗದ ಬಂದಿದೆಯಾ?"

"ಇಲ್ಲ. ಬಂದ್ರೆ ಹೊಡೀಲಿಕ್ಕೆ ಅಂತ ದೊಣ್ಣೆ ಮಾತ್ರ ತೆಗೆದಿಟ್ಟಿದ್ದೇನೆ."

ಅಲ್ಲಿಂದ ಮೇಷ್ಟ್ರು ಗಂಗಮ್ಮನ ಮನೆಗೆ ಬಂದರು. ಗಂಗಮ್ಮನ ಮಗಳು ಪ್ರೇಮಾವತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ದಿನ ತುಂಬಿ ಕೂತಿದ್ದಳು. ಅವಳನ್ನು ಮೇಷ್ಟ್ರು ಆಗಲೇ ಲೆಕ್ಕಕ್ಕೆ ಹಿಡಿದಾಗಿತ್ತು. ಅಂಗಳ ಗುಡಿಸುತ್ತಿದ್ದ ಗಂಗಮ್ಮನ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದರು.

"ಗಂಗಮ್ಮಕ್ಕ, ಇವತ್ತು ಸಂಜೆ ಐದರ ಒಳಗೆ ಏನಾದ್ರೂ ಆಗುವ ಹಾಗೆ ಉಂಟಾ?"

ಗಂಗಮ್ಮ ಪೊರಕೆ ನಿಲ್ಲಿಸಿದಳು. "ನಿಮ್ಮ ಪೋಸ್ಟಾಫೀಸಿಗೆ ನನ್ನ ಮಗಳು ಹೆರಬೇಕಾ?"

"ಹಾಗಲ್ಲ, ಆಗುದಾದ್ರೆ ಸ್ವಲ್ಪ ಬೇಗ..."

ಪೊರಕೆ ನೆಲ ಬಿಟ್ಟು ಮೇಲೆದ್ದಿತು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಅವರ ಮುಖ ನೋಡಿ ಗಂಗಮ್ಮನಿಗೆ ಪಾಪ ಅನಿಸಿತು.

"ಪಟೇಲರ ಮನೆಗೆ ಒಬ್ಬ ನೆಂಟ ಬಂದು ನಾಲ್ಕು ದಿನ ಆಯ್ತಲ್ಲ, ಶ್ರೀಮಂಗಲದವ. ಅವನನ್ನ ಬರೆದ್ರಾ? ಎರಡು ಗಂಟೆ ಬಸ್ಸಿಗೆ ಹೋಗ್ತಾನಂತೆ. ಕರಿಮೆಣಸು ನೋಡ್ಲಿಕ್ಕೆ ಬಂದದ್ದು ಅಂತ ಅವರು ಹೇಳುದು, ಆದ್ರೆ ನಿಜ ಎಂತ ಅಂದ್ರೆ..."

ನಿಜ ಏನೆಂದು ಕೇಳಲು ಮೇಷ್ಟ್ರು ಅಲ್ಲಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಪುಸ್ತಕ ಕಂಕುಳಲ್ಲಿ ಒತ್ತಿಕೊಂಡು ಇಳಿಜಾರಿನಲ್ಲಿ ಓಡುತ್ತಿದ್ದರು. ಹೊಳೆಯಲ್ಲಿ ಒಂದು ಚಪ್ಪಲಿ ಹೋಯಿತು. ಅದನ್ನು ಹಿಡಿಯಲೂ ನಿಲ್ಲಲಿಲ್ಲ.

ಸಂಪಾಜೆಯ ಬಸ್ಸಿನ ಕಟ್ಟೆಯ ಮೇಲೆ ಇಸ್ತ್ರಿ ಮಾಡಿದ ಕೋಟಿನ ತರುಣನೊಬ್ಬ ಚೀಲ ಇಟ್ಟುಕೊಂಡು ಕೂತಿದ್ದ. ಹೆಸರು ಕುಟ್ಟಪ್ಪ, ಶ್ರೀಮಂಗಲದ ಹತ್ತಿರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಮೇಷ್ಟ್ರು ಏದುಸಿರು ಬಿಡುತ್ತ ಮೊದಲು ಅವನ ಚೀಲ ಹಿಡಿದರು, ಆಮೇಲೆ ನಮಸ್ಕಾರ ಮಾಡಿದರು.

"ಇವತ್ತೊಂದು ದಿನ ಇದ್ದು ಹೋಗಿ ಸ್ವಾಮಿ. ಊರಿಗೆ ಉಪಕಾರ ಆಗ್ತದೆ."

"ಇದ್ದು ಎಂತ ಮಾಡುದು ಮೇಷ್ಟ್ರೆ" ಎಂದ ಕುಟ್ಟಪ್ಪ ಬೇಸರದಿಂದ. "ಊಟ ಉಪಚಾರಕ್ಕೆ ಕೊರತೆ ಇಲ್ಲ. ಆದ್ರೆ ಆ ಮನೆಯಲ್ಲಿ ನಗುವವರೇ ಇಲ್ಲ. ಆ ಹುಡುಗಿಯಂತೂ ನಾಲ್ಕು ದಿನದಿಂದ ಮುಖ ಗಂಟು ಹಾಕಿಕೊಂಡೇ ಕಾಫಿ ತಂದಿಡ್ತಾಳೆ."

ಮೇಷ್ಟ್ರಿಗೆ ಇದನ್ನು ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ.

"ಸರೋಜನಾ? ಅವಳ ಹಾಗೆ ನಗುವವರು ಈ ನಾಡಿನಲ್ಲೇ ಇಲ್ಲ. ಹೊಸಬರ ಹತ್ತಿರ ಸ್ವಲ್ಪ ನಾಚಿಕೆ, ಅಷ್ಟೆ. ಎಷ್ಟು ಓದ್ತಾಳೆ ಗೊತ್ತಾ? ಶಾಲೆಯ ಪೆಟ್ಟಿಗೆ ಪೂರ್ತಿ ಎರಡು ಸಲ ಓದಿ ಮುಗಿಸಿದ್ದಾಳೆ. ಮನಸ್ಸು ಹೂವಿನ ಹಾಗೆ. ಅವಳು ಕಾಲಿಟ್ಟ ಮನೆ ಬೆಳಗ್ತದೆ."

ಎರಡು ವರ್ಷ ಸರೋಜಳಿಗೆ ಹೇಳದೆ ಉಳಿಸಿಕೊಂಡದ್ದೆಲ್ಲ ಒಂದೇ ಉಸಿರಿನಲ್ಲಿ ಹೊರಗೆ ಬಂತು. ಕುಟ್ಟಪ್ಪ ಕಿವಿಗೊಟ್ಟು ಕೇಳಿದ. ಅಷ್ಟರಲ್ಲಿ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಮೇಷ್ಟ್ರು ಚೀಲ ಬಿಡಲಿಲ್ಲ, ಕುಟ್ಟಪ್ಪನೂ ಎಳೆಯಲಿಲ್ಲ. ಬಸ್ಸು ಹೋಯಿತು.

"ನೀವು ಇಷ್ಟು ಹೇಳಿದ ಮೇಲೆ ಇನ್ನೊಂದು ಸಲ ನೋಡುವ" ಎಂದು ಕುಟ್ಟಪ್ಪ ಎದ್ದ.

ಚೀಲವನ್ನು ಮೇಷ್ಟ್ರೇ ಹೆಗಲ ಮೇಲೆ ಹೊತ್ತು, ಒಂದೇ ಚಪ್ಪಲಿಯಲ್ಲಿ ಎರಡು ಮೈಲಿ ಏರಿ, ನೆಂಟನನ್ನು ಪಟೇಲರ ಅಂಗಳಕ್ಕೆ ತಂದು ಬಿಟ್ಟರು. ಸರೋಜ ಬಾಗಿಲ ಮರೆಯಲ್ಲಿ ನಿಂತು ಒಮ್ಮೆ ನೆಂಟನನ್ನೂ ಒಮ್ಮೆ ಮೇಷ್ಟ್ರನ್ನೂ ನೋಡಿದಳು. ಮೇಷ್ಟ್ರು ಗೆಲುವಿನ ನಗೆ ಬೀರಿದರು. ಅವಳು ನಗದೆ ಒಳಗೆ ಹೋದಳು.

ಐದು ಗಂಟೆಗೆ ಸರಿಯಾಗಿ ಸೂಪರ್‌ವೈಸರು ಬಂದರು. ಅರ್ಧ ಊರು ಜಗಲಿಯ ಸುತ್ತ ಸೇರಿತ್ತು. ಮೇಷ್ಟ್ರು ಗಂಟಲು ಸರಿ ಮಾಡಿಕೊಂಡು, "ಒಟ್ಟು ಐನೂರು" ಎಂದು ಓದಿದರು. ಪಟೇಲರು ಮೀಸೆ ತಿರುವಿ, ರಾಜರ ಕಾಲದಲ್ಲಿ ಇಲ್ಲಿಂದ ನೂರೈವತ್ತು ಕೋವಿ ಹೋಗುತ್ತಿತ್ತು ಎಂದರು.

ಸೂಪರ್‌ವೈಸರು ಕೊನೆಯ ಹೆಸರಿನ ಮೇಲೆ ಬೆರಳಿಟ್ಟರು. "ಕುಟ್ಟಪ್ಪ ಅಂದ್ರೆ ಯಾರು?"

"ನಾನೇ ಸಾರ್."

"ನಿಮ್ಮ ಊರಲ್ಲಿ ಈ ತಿಂಗಳು ಲೆಕ್ಕ ಬರೆಸಿದ್ದೀರಾ?"

"ಹೊರಡುವ ಮೊದಲೇ ಬರೆಸಿದ್ದೆ ಸಾರ್. ಅಲ್ಲಿಯ ಮೇಷ್ಟ್ರು ಮನೆಗೇ ಬಂದಿದ್ರು."

ಹೊಸಬರನ್ನು ಮೊತ್ತಮೊದಲು ಕೇಳಬೇಕಾದ ಪ್ರಶ್ನೆ ಅದು. ಸಿಕ್ಕ ತಲೆ ಎಲ್ಲಿ ಕೈ ತಪ್ಪೀತೋ ಎಂಬ ಆತುರದಲ್ಲಿ ಮೇಷ್ಟ್ರು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದ್ದರು. ಸೂಪರ್‌ವೈಸರು ಕೆಂಪು ಪೆನ್ಸಿಲಿನಿಂದ ಹೆಸರಿಗೆ ಗೆರೆ ಎಳೆದು, ಪುಸ್ತಕದ ಕೆಳಗೆ ನಾನೂರ ತೊಂಬತ್ತೊಂಬತ್ತು ಎಂದು ಬರೆದರು.

ಪಟೇಲರು ಮೇಷ್ಟ್ರ ಬೆನ್ನು ತಟ್ಟಿದರು. "ಪೋಸ್ಟಾಫೀಸು ಹೋದ್ರೆ ಹೋಗಲಿ ಮೇಷ್ಟ್ರೆ, ನೀವು ಮಾಡಿದ ಉಪಕಾರ ದೊಡ್ಡದು. ಇವರು ಸರೋಜನ್ನ ನೋಡ್ಲಿಕ್ಕೆ ಬಂದದ್ದು. ನಾಲ್ಕು ದಿನ ಕೇಳಿದ್ರೂ ಅವಳು ಹೂಂ ಅಂದಿರ್ಲಿಲ್ಲ, ಬೇಜಾರಾಗಿ ಇವರು ಹೊರಟೇಬಿಟ್ಟಿದ್ರು. ಈಗ ನೀವೇ ಹುಡುಗನ ಚೀಲ ಹೊತ್ತು ಕರ್ಕೊಂಡು ಬಂದದ್ದು ನೋಡಿದ ಕೂಡ್ಲೆ, 'ಮೇಷ್ಟ್ರಿಗೇ ಒಪ್ಪಿಗೆ ಇದ್ದ ಮೇಲೆ ನನ್ನದೆಂತ' ಅಂದ್ಲು."

ಕುಟ್ಟಪ್ಪ ಕೈ ಮುಗಿದ. ಮೇಷ್ಟ್ರೂ ಕೈ ಮುಗಿದರು.

ಸರೋಜ ಎಲ್ಲರಿಗೂ ಕಾಫಿ ತಂದಳು. ಮೇಷ್ಟ್ರ ಹತ್ತಿರ ಬಂದಾಗ ಲೋಟದ ಜೊತೆಗೆ ಶಾಲೆಯ ಪುಸ್ತಕವನ್ನೂ ಜಗಲಿಯ ಮೇಲಿಟ್ಟಳು.

"ಲೆಕ್ಕ ಸರಿಯಾಯ್ತಾ ಮೇಷ್ಟ್ರೆ?"

"ಒಂದು ಕಡಿಮೆ."

"ಬೇಸಿಗೆಗೆ ಇನ್ನೊಂದು ಕಡಿಮೆ ಆಗ್ತದೆ" ಎಂದು ಅವಳು ಒಳಗೆ ಹೋದಳು.

ಮೇಷ್ಟ್ರು ಪುಸ್ತಕ ತೆಗೆದುಕೊಂಡರು. ಮೇಲೆ ನೋಡಿದರು, ಜಗಲಿಯ ಕೆಳಗೂ ಬಗ್ಗಿ ನೋಡಿದರು. ಕಿತ್ತಳೆ ಹಣ್ಣು ಇರಲಿಲ್ಲ.