ಬೇಲೀಫ ಲಗಮಣ್ಣನ ಎತ್ತು

ರಾಮದುರ್ಗದ ದಿಗಂಬರ ಭಟ್ಟರು ತೀರಿಕೊಂಡ ಸುದ್ದಿ ಬೈಲಹೊಂಗಲಕ್ಕೆ ಬಂದದ್ದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ಮೊದಲನೆಯ ಬಸ್ಸಿನಲ್ಲಿ. ತಂದವನು ಕಂಡಕ್ಟರ್ ಸತ್ಯಪ್ಪ. ಕೇಳಿಸಿಕೊಂಡವನು ಕೋರ್ಟಿನ ಬೇಲೀಫ ಲಗಮಣ್ಣ. ಹಿಂದಿನ ದಿನ ಸಂಜೆ ಜೀವ ಹೋಗಿತ್ತಂತೆ. ದಾಯಾದಿಗಳು ಸೇರಿ ಸಂಸ್ಕಾರವನ್ನೂ ಮುಗಿಸಿದ್ದರಂತೆ.

ಲಗಮಣ್ಣನ ಕೈಗೆ ಬಂದದ್ದು ಸೇರಬೇಕಾದವರನ್ನು ಸೇರಿತೆಂದೇ ಅರ್ಥ. ಕೋರ್ಟಿನ ಸಮನ್ಸು ಹಿಡಿದು ಊರೂರು ಅಲೆದು, ಕಾಳು ತುಂಬುವ ಹಗೇವಿನಲ್ಲಿ ಅಡಗಿದವನನ್ನೂ ಹೊರಗೆಳೆದು ಮುಟ್ಟಿಸಿ ಬರುವುದರಲ್ಲಿ ಅವನ ಇಪ್ಪತ್ತೆರಡು ವರ್ಷ ಕಳೆದಿದ್ದವು. ಅಂಥವನಿಂದ ದೇವರು ಆ ಒಂದು ದಿನ ತಿರುಗಾಮುರುಗಾ ಚಾಕರಿ ಮಾಡಿಸಿದ.

ಸುದ್ದಿ ಕೇಳಿ ಲಗಮಣ್ಣ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಸಿದು ಕುಳಿತ. ದಿಗಂಬರ ಭಟ್ಟರು ಪೂಜೆ ಪುರೋಹಿತಿಕೆಯ ಮನೆತನದವರಾದರೂ ಅದನ್ನು ಬಿಟ್ಟು, ರಾಮದುರ್ಗದ ಕಚೇರಿಯ ಮುಂದೆ ಕುಳಿತು ಮಂದಿಗೆ ಅರ್ಜಿ ಬರೆದುಕೊಡುತ್ತಿದ್ದವರು. ಹರೆಯದಲ್ಲಿ ಲಗಮಣ್ಣ ನೌಕರಿಗೆ ಹಾಕಿದ ನಾಲ್ಕು ಅರ್ಜಿಗಳು ತಿರುಗಿ ಬಂದಿದ್ದವು. ಐದನೆಯದನ್ನು ಬರೆದವರು ಭಟ್ಟರು. “ನಿನಗ ಏನು ಬರ್ತದ, ಅದನ್ನಷ್ಟಽ ಬರಿಯೋಣು. ಖರೇ ಇದ್ದದ್ದಕ್ಕ ಜೋರು ಇರ್ತದ” ಎಂದಿದ್ದರು. ಆ ಅರ್ಜಿಯಿಂದಲೇ ಅವನ ಮೈಮೇಲೆ ಖಾಕಿ ಕೋಟು ಬಂದದ್ದು, ಮಕ್ಕಳು ಸಾಲೆಗೆ ಹೋದದ್ದು.

ಕಣ್ಣೊರೆಸಿಕೊಂಡು ಅವನು ಭಟ್ಟರ ಅತ್ತಿಗೆ ಸುಂದರಾಬಾಯಿಯವರ ಮನೆಯ ಹಿತ್ತಲಿಗೆ ಬಂದ. ಬಚ್ಚಲಲ್ಲಿ ಮಗ ತ್ರ್ಯಂಬಕ ನೀರು ಸುರಿದುಕೊಳ್ಳುತ್ತ, ಪುರುಷಸೂಕ್ತ ಹೇಳುವ ಧಾಟಿಯಲ್ಲಿ ಹೊಸ ಕ್ರಿಮಿನಲ್ ಕಾಯದೆಯ ಕಲಮುಗಳನ್ನು ಬಾಯಿಪಾಠ ಹೇಳುತ್ತಿದ್ದ. ಅಂದು ಹನ್ನೊಂದಕ್ಕೆ ಬೆಳಗಾವಿಯಲ್ಲಿ ಅವನ ಇಂಟರ್ವ್ಯೂ. ಕೆಳಗಿನ ಕೋರ್ಟುಗಳಲ್ಲಿ ಪೊಲೀಸರೇ ಖಟ್ಲೆ ನಡೆಸುವ ಕಾಲ ಮುಗಿದು, ವಕೀಲಿ ಓದಿದವರನ್ನೇ ಸಹಾಯಕ ಸರಕಾರಿ ವಕೀಲರೆಂದು ನೇಮಿಸುವ ಕಾಯದೆ ಆಗಷ್ಟೇ ಬಂದಿತ್ತು. ಹುದ್ದೆಗಳು ಬೆರಳೆಣಿಕೆಯವು, ಅರ್ಜಿಗಳು ಮೂಟೆಗಟ್ಟಲೆ. ಮುಂದಿನ ತಿಂಗಳಿಗೆ ತ್ರ್ಯಂಬಕನ ವಯಸ್ಸು ಮೀರುತ್ತಿತ್ತು. ಈ ಸಲ ಇಲ್ಲವಾದರೆ ಎಂದೆಂದಿಗೂ ಇಲ್ಲ. ಅಪ್ಪನಿಲ್ಲದ ಅವನನ್ನು ರಾಮದುರ್ಗದಲ್ಲಿ ಇಟ್ಟುಕೊಂಡು ಸಾಕಿ, ಕಾಯದೆ ಓದಿಸಿ, ಈ ಅರ್ಜಿಯನ್ನೂ ತಮ್ಮ ಕೈಯಾರೆ ಬರೆದವರು ದಿಗಂಬರ ಕಾಕಾ.

ಸುದ್ದಿ ಕೇಳಿ ಸುಂದರಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡರು. ಬಚ್ಚಲಿನ ಕಡೆ ನೋಡಿ, “ಲಗಮಣ್ಣಾ, ತ್ರ್ಯಂಬಕಗ ಹೇಳಬ್ಯಾಡ” ಎಂದರು.

“ಹಂಗಂದ್ರ ಹೆಂಗ್ರಿ ಬಾಯಾರ? ಮಗನ್ಹಂಗ ಸಾಕ್ಯಾರ.”

“ಅದಕ್ಕಽ ಹೇಳಬ್ಯಾಡ ಅನ್ನೋದು. ಕೇಳಿದ್ರ ಅಂವ ಬೆಳಗಾವಿ ಬಸ್ಸು ಹತ್ತತಾನೇನು? ನೆಟ್ಟಗ ರಾಮದುರ್ಗಕ್ಕ ಓಡ್ತಾನ. ನಮ್ಮ ಮೈದುನರು ಹೋದ ವಾರನಽ ಹೇಳಿ ಕಳಿಸ್ಯಾರ: ನನಗೇನರೆ ಆದ್ರ ಇಂಟರ್ವ್ಯೂ ಮುಗಿಯೋತನಕ ಹುಡುಗನ ಕಿವಿಗೆ ಹಾಕಬ್ಯಾಡ್ರಿ ಅಂತ. ದೂರ ಇದ್ದವರಿಗೆ ಸುದ್ದಿ ಕಿವಿಗೆ ಬೀಳೋತನಕ ಸೂತಕ ಇಲ್ಲ. ಶಾಸ್ತ್ರನಽ ಹಂಗದ.”

ಲಗಮಣ್ಣನಿಗೆ ಶಾಸ್ತ್ರ ತಟ್ಟನೆ ತಿಳಿಯಿತು. “ಅಂದ್ರ, ಸಮನ್ಸ್ ಜಾರಿ ಆಗೂಮಟ ಹಾಜರಾಗಬೇಕಂತಿಲ್ಲ ಅನ್ರಿ.”

“ಹೂಂ. ನೀನೂ ಅವನ ಜೋಡಿ ಹೋಗು. ದಾರಿಯಾಗ ಯಾರೂ ಬಾಯಿಬಿಡಧಾಂಗ ನೋಡ್ಕೋ.”

ಬಚ್ಚಲಲ್ಲಿ ಕಲಮುಗಳು ನಿಂತು ನೀರಿನ ಸಪ್ಪಳ ಜೋರಾಯಿತು. ಸುಂದರಾಬಾಯಿ ಉಟ್ಟ ಸೀರೆಯಲ್ಲೇ ಬಾವಿಕಟ್ಟೆಗೆ ಹೋಗಿ ಎರಡು ಕೊಡ ನೀರು ತಲೆಯ ಮೇಲೆ ಸುರಿದುಕೊಂಡರು.

ಹೊರಗೆ ಬಂದ ತ್ರ್ಯಂಬಕ ಕೇಳಿದ: “ಯಾಕವ್ವಾ, ಮತ್ತ ಜಳಕಾ?”

“ಕಾಗಿ ಬಡೀತಪಾ ತಲಿಗೆ.”

ಅವನು ಮತ್ತೇನೂ ಕೇಳದೆ ಕರಿಕೋಟು ತೊಟ್ಟುಕೊಂಡ. ನಮಸ್ಕಾರಕ್ಕೆ ಬಗ್ಗಿದರೆ ತಾಯಿ ಕೆಂಡ ತುಳಿದವರಂತೆ ಹಿಂದಕ್ಕೆ ಹಾರಿದರು. ಸೂತಕದವರು ಮುಟ್ಟಿದರೆ ಮಗನಿಗೂ ತಾಕೀತಲ್ಲ! ಮೊಸರು ಸಕ್ಕರೆಯ ಬಟ್ಟಲನ್ನು ನೆಲದ ಮೇಲಿಟ್ಟು, “ಲಗಮಣ್ಣಾ, ನೀನಽ ಅವನ ಕೈಗೆ ಹಾಕು” ಎಂದರು. ಆ ಮನೆಯ ಅಡಿಗೆಮನೆಯ ಬಟ್ಟಲು ಲಗಮಣ್ಣನ ಕೈಗೆ ಬಂದದ್ದು ಅದೇ ಮೊದಲು. ಅವನು ಅವಸರದಲ್ಲಿ ಬಗ್ಗಿಸಿದ ಮೊಸರಿನಲ್ಲಿ ಅರ್ಧ ತ್ರ್ಯಂಬಕನ ಚಪ್ಪಲಿಯ ಮೇಲೆ ಬಿತ್ತು.

ಅಷ್ಟರಲ್ಲಿ ಎದುರುಮನೆಯ ರಾಧಾಬಾಯಿ, “ಅಯ್ಯೋ ಸುಂದರಕ್ಕಾ, ಎಂಥಾ ಸುದ್ದಿ ಕೇಳಿದೆನಽ” ಎಂದು ರಾಗ ಎಳೆಯುತ್ತ ಮೆಟ್ಟಿಲು ಹತ್ತಿದರು.

ಲಗಮಣ್ಣ ಅಡ್ಡ ನಿಂತ. “ಬಾಯಾರ, ನಿಮ್ಮ ಆಕಳ ಕಣ್ಣಿ ಹರಕೊಂಡು ಪ್ಯಾಟಿ ಕಡೆ ಹೊಂಟೇತ್ರೀ!”

“ಅಯ್ಯ, ನಮ್ಮ ಆಕಳಾ?” ರಾಧಾಬಾಯಿ ಸೆರಗು ಸಿಕ್ಕಿಸಿ ಓಡಿದರು. ಆಕಳು ಹಿತ್ತಲಲ್ಲಿ ಮೆಲುಕು ಹಾಕುತ್ತ ಮಲಗಿತ್ತು.

ಬಸ್ಸಿನಲ್ಲಿ ಸಂಕಟ ಹೆಚ್ಚಿತು. ಮುಂದಿನ ಸೀಟಿನಲ್ಲಿದ್ದ ಅರಳೆ ವ್ಯಾಪಾರಿ ನೀಲಪ್ಪ ಹಿಂದಕ್ಕೆ ತಿರುಗಿ, “ವಕೀಲ್ರ, ನಿಮ್ಮ ಕಾಕಾ...” ಎಂದು ಬಾಯಿ ತೆರೆದ. ಲಗಮಣ್ಣ ಕ್ಷಯದವನಂತೆ ಕೆಮ್ಮತೊಡಗಿದ. ನೀಲಪ್ಪ ಮತ್ತೆ ಬಾಯಿ ತೆರೆದ. ಇವನು ಮತ್ತೆ ಕೆಮ್ಮಿದ. ಕೊನೆಗೆ ಅವನ ಕಿವಿಗೆ ಬಾಯಿ ಹಚ್ಚಿ ವಿಷಯ ತಿಳಿಸಿದ.

“ಹಂಗೇನು? ನಾ ಯಾರಿಗೂ ಹೇಳೂದಿಲ್ಲ ಬಿಡು” ಎಂದ ನೀಲಪ್ಪ, ಪಕ್ಕದವನಿಗೆ ಅದನ್ನೇ ಪಿಸುಗುಟ್ಟಿದ. ಅವನು ಹಿಂದಿನವನಿಗೆ. ಬಸ್ಸು ಊರ ಹೊರಗಿನ ಹೊಲಗಳನ್ನು ದಾಟುವುದರೊಳಗೆ, ಯಾರೂ ಯಾರಿಗೂ ಹೇಳಬಾರದೆಂಬ ಗುಟ್ಟು ಡ್ರೈವರನವರೆಗೂ ಮುಟ್ಟಿತ್ತು. ಐವತ್ತು ಜನ ತ್ರ್ಯಂಬಕನನ್ನು ಮದುವೆ ಮುರಿದ ಹುಡುಗನನ್ನು ನೋಡುವಂತೆ ನೋಡತೊಡಗಿದರು. ಹೊಸಬರು ಹತ್ತಿದರೆ ಬಾಗಿಲಲ್ಲೇ ಹಿಡಿದು ಕಿವಿಯಲ್ಲಿ ಊದುತ್ತಿದ್ದರು. ಒಬ್ಬ ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟ. ಇನ್ನೊಬ್ಬ ಸುಮ್ಮನೆ ಬೆನ್ನು ಸವರಿದ. ತ್ರ್ಯಂಬಕ ತಲೆ ತಗ್ಗಿಸಿ ಕಾಯದೆಯ ಪುಸ್ತಕ ನೋಡುತ್ತಿದ್ದ.

ಒಂದು ಹಳ್ಳಿಯಲ್ಲಿ ಕಾಡವ್ವನೆಂಬ ಮುದುಕಿ ಹತ್ತಿದಳು. ಅವಳಿಗೆ ಕಿವಿ ಮಂದ. ಕಿವಿಯಲ್ಲಿ ಪಿಸುಗುಟ್ಟಿದವನಿಗೆ ಅದು ಗೊತ್ತಿರಲಿಲ್ಲ.

“ಏನಂದಿ? ಯಾರು ಸತ್ರು?” ಎಂದು ಮುದುಕಿ ಗಂಟೆ ಬಾರಿಸಿದಂತೆ ಕೂಗಿದಳು.

ತ್ರ್ಯಂಬಕ ತಲೆ ಎತ್ತಿದ. ಲಗಮಣ್ಣ ಹಿಂದುಮುಂದು ನೋಡದೆ ಎದ್ದು ನಿಂತು ಎದೆ ಬಡಿದುಕೊಂಡ: “ನನ್ನ ಎತ್ತು ಬೇ ಯವ್ವಾ! ನನ್ನ ಎತ್ತು ಸತ್ತೇತಿ!”

ಲಗಮಣ್ಣನ ಮನೆಯಲ್ಲಿ ಎತ್ತಿರಲಿ, ಒಂದು ಆಡೂ ಇರಲಿಲ್ಲ.

“ಲಗಮಣ್ಣಾ,” ಎಂದ ತ್ರ್ಯಂಬಕ ಮೆಲ್ಲಗೆ, “ನೀ ಯಾವಾಗ ಎತ್ತು ಕಟ್ಟಿದ್ದಿ?”

“ಇತ್ರೀ ಒಂದು. ಭಾಳ ವರ್ಷದ್ದು. ರಾಮದುರ್ಗದ ಕಡೇದು.”

“ಹೆಂಗಿತ್ತು?”

ಲಗಮಣ್ಣ ಬೆಳಗಿನಿಂದ ಅದುಮಿಟ್ಟುಕೊಂಡಿದ್ದ ದುಃಖಕ್ಕೆ ಆ ಎತ್ತು ಬಾಗಿಲು ತೆಗೆಯಿತು.

“ಏನ ಹೇಳ್ಲಿ ವಕೀಲ್ರ! ಊರಮಂದಿ ಹೊರಿ ಎಲ್ಲಾ ತಂದಽ ಅಂತ ಎಳೀತು. ಒಂದ ದಿನಾ ಕೊಂಬು ತಿರುವಲಿಲ್ಲ. ಬಡವರು ಬರ್ಲಿ, ದೊಡ್ಡವರು ಬರ್ಲಿ, ಒಂದಽ ಕಣ್ಣಿಲೆ ನೋಡ್ತಿತ್ತು. ನಾ ದಿಕ್ಕೇಡಿ ಆಗಿ ತಿರಗೂ ಮುಂದ ನನ್ನ ದಾರಿಗೆ ಹಚ್ಚಿದ್ದು ಅದಽ ರೀ. ಅದರ ಉಪಕಾರ ನಾ ಯಾವ ಜನ್ಮದಾಗ ತೀರಸ್ಲಿ?” ಎನ್ನುತ್ತ ಮಗುವಿನಂತೆ ಬಿಕ್ಕಳಿಸಿ ಅತ್ತ.

ಹಿಂದಿನ ಸೀಟಿನ ರೈತನೊಬ್ಬ ಅನುಕಂಪದಿಂದ ಕೇಳಿದ: “ಖಿಲಾರಿ ತಳಿ ಏನಪಾ? ಎಷ್ಟ ಹಲ್ಲು?”

“ಹಲ್ಲೆಲ್ಲಾ ಹೋಗಿದ್ದೂ ಯಣ್ಣಾ. ಕಡೀತನಕ ಬರಕೋತನಽ ಇತ್ತು.”

“ಬರಕೋತ?”

“ಹೊರಕೋತ ಅಂದೆ, ಹೊರಕೋತ!”

ನೋಡಿದರೆ ತ್ರ್ಯಂಬಕನ ಕಣ್ಣಿನಿಂದಲೂ ನೀರು ಸುರಿಯುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, ಲಗಮಣ್ಣನ ಕೈ ಹಿಡಿದು, “ಅಂಥಾ ಎತ್ತು ಮತ್ತ ಹುಟ್ಟೂದಿಲ್ಲ” ಎಂದ. ‘ಎಂಥಾ ಮಿದು ಮನಸು! ಮಂದಿ ಎತ್ತಿಗೂ ಅಳತಾನಲ್ಲಾ’ ಎಂದು ಲಗಮಣ್ಣನಿಗೆ ಇನ್ನಷ್ಟು ಅಳು ಬಂತು. ಕಾಡವ್ವ ಗಂಟು ಬಿಚ್ಚಿ ಅವನ ಕೈಗೊಂದು ರೊಟ್ಟಿ ಇಟ್ಟು, “ಉಣ್ಣು ತಮ್ಮಾ, ದನದ ಸೂತಕಕ್ಕ ಉಪಾಸ ಇರಬಾರ್ದು” ಎಂದಳು.

ನೇಸರಗಿಯಲ್ಲಿ ಚಹಾಕ್ಕೆ ಇಳಿದರು. ಯರಗಟ್ಟಿಯ ಕಡೆಯಿಂದ ಬಂದ ರಾಮದುರ್ಗದ ಬಸ್ಸು ಪಕ್ಕದಲ್ಲೇ ನಿಂತಿತು. ಕಿಟಕಿಯಿಂದ ಯಾರೋ, “ಏ ತ್ರ್ಯಂಬಕರಾಯರ, ಇಲ್ಲೇನ ಮಾಡ್ತೀರಿ? ಅಲ್ಲಿ ನಿಮ್ಮ...” ಎಂದು ಕೂಗಿದರು. ಲಗಮಣ್ಣ ಬೆಚ್ಚಿ ತಿರುಗಿದ. ಕೈಯಲ್ಲಿದ್ದ ಚಹಾ ತ್ರ್ಯಂಬಕನ ಬಿಳಿ ಅಂಗಿಯ ಮೇಲೆ ಅರ್ಧ, ತನ್ನ ಪಾದದ ಮೇಲೆ ಅರ್ಧ ಚೆಲ್ಲಿತು. “ಸುಟ್ಟೆನ್ರೀ, ಸತ್ತೆನ್ರೀ!” ಎಂದು ಅವನು ಒಂಟಿಗಾಲಲ್ಲಿ ಕುಣಿದ ಗದ್ದಲಕ್ಕೆ ಕಿಟಕಿಯವನ ಮಾತು ಮುಳುಗಿಹೋಯಿತು. ಕೋಟಿನ ಗುಂಡಿಗಳನ್ನೆಲ್ಲ ಕುತ್ತಿಗೆಯವರೆಗೆ ಹಾಕಿಕೊಂಡು ತ್ರ್ಯಂಬಕ ಬೆಳಗಾವಿ ಮುಟ್ಟಿದ. ಕುಂಟುತ್ತ ಹಿಂದೆ ಲಗಮಣ್ಣ.

ಕಚೇರಿಯ ಪಡಸಾಲೆಯಲ್ಲಿ ಕರಿಕೋಟುಗಳು ಕಿಕ್ಕಿರಿದಿದ್ದವು. ಹನ್ನೆರಡೂವರೆಗೆ ಜವಾನ ತ್ರ್ಯಂಬಕನ ಹೆಸರು ಕೂಗಿದ. ಬಾಗಿಲು ಮುಚ್ಚಿದ ಮೇಲೆ ಲಗಮಣ್ಣ ಗೋಡೆಗೊರಗಿ ಕುಳಿತ. ಸುಟ್ಟ ಪಾದ ಉರಿಯುತ್ತಿದ್ದರೂ ಎದೆ ತಣ್ಣಗಾಯಿತು. ಭಟ್ಟರ ಕೊನೆಯ ಮಾತು ನಡೆಯಿತಲ್ಲ! ಇನ್ನು ಹುಡುಗ ಹೊರಗೆ ಬಂದ ಮೇಲೆ ಹೇಗೆ ಹೇಳುವುದೆಂಬುದೊಂದೇ ಚಿಂತೆ.

ಹತ್ತು ನಿಮಿಷಕ್ಕೆ ತ್ರ್ಯಂಬಕ ಹೊರಗೆ ಬಂದ.

“ಏನ್ ಕೇಳಿದ್ರು ರೀ ವಕೀಲ್ರ?”

“ಒಂದಽ ಪ್ರಶ್ನೆ ಕೇಳಿದ್ರು. ಒಬ್ಬಾಂವಗ ಸಮನ್ಸ್ ಬಂದದ. ಬೇಲೀಫ ಬಂದು ಹೆಸರು ಕೂಗಿದ್ದು ಅವಗ ಬಾಗಲ ಹಿಂದ ಕೇಳಸ್ತದ. ಆದ್ರ ಅಂವ ಹೊರಗ ಬರೂದಿಲ್ಲ. ಸಮನ್ಸ್ ಜಾರಿ ಆತೋ ಇಲ್ಲೋ ಅಂದ್ರು.”

ಲಗಮಣ್ಣನ ಮುಖ ಅರಳಿತು. “ಭಲೇ! ನನ್ನ ಕಸಬಿನ ಮಾತು! ನೀವೇನಂದ್ರಿ?”

“ಜಾರಿ ಆತು ಅಂದೆ.”

“ತಪ್ಪರೀ!” ಲಗಮಣ್ಣ ಹಣೆ ಬಡಿದುಕೊಂಡ. “ಬರೇ ಕೇಳಿಸಿದ್ರ ಜಾರಿ ಹೆಂಗಾಕ್ಕೇತ್ರೀ? ಕೈಯಾಗ ಕೊಡಬೇಕು. ಸಿಗಲಿಲ್ಲಂದ್ರ ಮನ್ಯಾಗಿನ ಗಂಡಸರ ಕೈಯಾಗ ಕೊಡಬೇಕು. ಅದೂ ಇಲ್ಲಂದ್ರ ಬಾಗಲಕ್ಕ ಹಚ್ಚಿ ಬರಬೇಕು. ಏಳನೇತ್ತೆ ಸಾಲಿ ಕಲಿತ ನನಗ ಗೊತ್ತೈತಿ, ನಿಮಗ ಗೊತ್ತಿಲ್ಲೇನ್ರಿ?”

“ನನಗೂ ಗೊತ್ತದ ಲಗಮಣ್ಣಾ. ಕಲಮು ಬಾಯಿಪಾಠ ಅದ. ಸಾಹೇಬರೂ ಮೂರು ಸಲ ಕೇಳಿದ್ರು, ವಿಚಾರ ಮಾಡಿ ಹೇಳ್ರಿ ಅಂತ. ಮೂರೂ ಸಲ ಅದನ್ನಽ ಹೇಳಿದೆ. ಬ್ಯಾರೆ ಮಾತು ಬಾಯಾಗ ಬರಲೇ ಇಲ್ಲ.”

“ಯಾಕ್ರೀ?”

“ಮುಂಜಾನೆ ನೀ ಹಿತ್ತಲಕ್ಕ ಬಂದಾಗ ನಾ ಬಚ್ಚಲದ ಬಾಗಲ ಹಿಂದ ನಿಂತಿದ್ದೆ.”

“ಅಂದ್ರ ನಾ ಹೇಳಿದ್ದು...” ಎಂದ ಲಗಮಣ್ಣ.

“ಎಲ್ಲಾ ಕೇಳಿಸ್ತು. ಹೊರಗ ಓಡಿ ಬರಬೇಕಂದೆ. ಅಷ್ಟರಾಗ ಅವ್ವನ ಮಾತು ಕೇಳಿಸ್ತು. ಹಂಗಽ ಎರಡು ತಂಬಿಗಿ ನೀರು ಹೆಚ್ಚು ಹಾಕ್ಕೊಂಡು ಸುಮ್ಮನಾದೆ. ಕಾಕಾನ ಮಾತು, ಅವ್ವನ ಹಟ, ಅದರ ಮ್ಯಾಲ ನಿನ್ನ ಕೆಮ್ಮು, ನಿನ್ನ ಎತ್ತು. ನೀವೆಲ್ಲಾ ನನಗಾಗಿ ಇಷ್ಟು ಮಾಡಿದಮ್ಯಾಲ ನನಗ ಗೊತ್ತದ ಅಂತ ಹೆಂಗ ಹೇಳ್ಲಿ?”

“ಹಂಗಾರ ಬಸ್ಸಿನ್ಯಾಗ ಅತ್ತದ್ದು...”

“ಮತ್ತೇನು ನಿನ್ನ ಇಲ್ಲದ ಎತ್ತಿಗೆ ಅತ್ತೆನೇನು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಗು ಬಂತು, ಅದರ ಬೆನ್ನಿಗೇ ಅಳು. ಪಡಸಾಲೆಯ ಕರಿಕೋಟುಗಳೆಲ್ಲ, ಒಳಗೆ ಪ್ರಶ್ನೆಗಳು ಬಹಳ ಕಠಿಣವಾಗಿವೆಯೆಂದು ಹೆದರಿ ಪುಸ್ತಕ ತೆರೆದವು.

“ನೌಕರಿ ಹೋತಲ್ರೀ ವಕೀಲ್ರ.”

“ಹೋತು. ಆದ್ರ ಇನ್ನೊಂದು ಮಾತು ಅದ. ನಾ ಮುಂಜಾನೆನಽ ಕೇಳಿದ್ದೆ ಅಂತ ಅವ್ವಗ ತಿಳೀಬಾರದು. ಅಕಿ ಎದಿ ಒಡ್ಕೋತಾಳ. ಇಂಟರ್ವ್ಯೂ ಆದಮ್ಯಾಲ ನೀನಽ ಹೇಳಿದಿ, ಆಮ್ಯಾಲ ನಾ ಅತ್ತೆ ಅಂತ ಹೇಳಬೇಕು. ಆತಿಲ್ಲ?”

ಲಗಮಣ್ಣ ನಿಟ್ಟುಸಿರು ಬಿಟ್ಟ. ಒಂದು ಗುಟ್ಟನ್ನು ಕೆಳಗಿಳಿಸುವುದರೊಳಗೆ ಇನ್ನೊಂದು ಹೆಗಲೇರಿ ಕುಳಿತಿತ್ತು. ಇದಕ್ಕೆ ಇಷ್ಟು ಹೊತ್ತೆಂದು ಗಡುವೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ರಾಮದುರ್ಗ ಮುಟ್ಟಿದರು. ಮಲಪ್ರಭೆಯಲ್ಲಿ ಮುಳುಗಿ ಬಂದ ತ್ರ್ಯಂಬಕ ಒದ್ದೆ ಬಟ್ಟೆಯಲ್ಲೇ ಒಳಗೆ ಹೋಗಿ ಭಟ್ಟರ ಹೆಂಡತಿ, ಕಾಕು ಕಮಲಾಬಾಯಿಯವರ ಎದುರು ಕುಳಿತ.

“ಬಂದ್ಯಾ ಕೂಸೇ? ಇಂಟರ್ವ್ಯೂಕ್ಕ ಹೋಗಿದ್ಯಾ?”

“ಹೋಗಿದ್ದೆ ಕಾಕು. ಆದ್ರ...”

“ಆದ್ರ ಗೀದ್ರ ಬ್ಯಾಡ. ಹೋಗಿ ಬಂದ್ಯಲ್ಲಾ, ಅಷ್ಟಽ ಸಾಕು. ‘ಕೊಡೋದು ಬಿಡೋದು ದೇವರ ಕೈಯಾಗದ, ಹುಡುಗ ಹೋದ್ರ ಸಾಕು’ ಅಂತಿದ್ರು.” ಆಕೆ ಕಣ್ಣೊರೆಸಿಕೊಂಡು ಅಂಗಳದತ್ತ ನೋಡಿದರು. “ಹೊರಗ ಯಾಕ ನಿಂತಿ ಲಗಮಣ್ಣಾ? ಒಳಗ ಬಾ. ಇದು ನಿನ್ನ ಮನೀನೂ ಹೌದು.”

ಲಗಮಣ್ಣ ಒಳಗೆ ಬಂದ. ಭಟ್ಟರು ಜೀವ ಬಿಟ್ಟ ಜಾಗದಲ್ಲಿ ಎಣ್ಣೆಯ ದೀಪ ಸಣ್ಣಗೆ ಉರಿಯುತ್ತಿತ್ತು. ಅವನಿಗೆ ಮಂತ್ರ ಬರುತ್ತಿರಲಿಲ್ಲ. ನೆಲಕ್ಕೆ ಹಣೆ ಹಚ್ಚಿ, ಬಂದ ಮಾತಿನಲ್ಲೇ ಬೇಡಿಕೊಂಡ:

“ಯಪ್ಪಾ ದೇವರ, ನಮ್ಮ ಭಟ್ಟರು ನಿನ್ನ ಬಾಗಲಕ್ಕ ಬಂದಾರ. ತಾವಾಗಿ ಏನೂ ಕೇಳೂ ಮನಶ್ಯಾ ಅಲ್ಲ. ಹೊರಗ ಕಾಯಸಬ್ಯಾಡ, ಕೈ ಹಿಡದು ಒಳಗ ಕರಕೋ. ದಣದ ಜೀವಾ ಐತಿ, ನಿನ್ನ ಪಾದದ ನೆರಳಾಗ ಕುಂಡ್ರಸಿ ಶಾಂತಿ ಕೊಡು.”