ಅತ್ತೆಯವರ ಎಣ್ಣೆ ಡಬ್ಬಿ, ನನ್ನ ಹನ್ನೆರಡು ಲೋಟ

ಅತ್ತೆಯವರಿಗೆ ಎಣ್ಣೆಯಲ್ಲಿ ಟೋಪಿ ಹಾಕಿದವನನ್ನು ವಿಜ್ಞಾನದ ಬಲದಿಂದಲೇ ಕೋರ್ಟಿನ ಮೆಟ್ಟಿಲು ಹತ್ತಿಸುತ್ತೇನೆಂದು ಮಂಗಳವಾರದ ಕಾಫಿಯ ಹೊತ್ತಿಗೆ ಪ್ರತಿಜ್ಞೆ ಮಾಡಿದೆ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ಒಂದು ಡಬ್ಬಿ ಎಣ್ಣೆ ನನ್ನೆದುರು ಎಷ್ಟು ಹೊತ್ತು ಸುಳ್ಳು ಹೇಳೀತು?

ಅತ್ತೆ ದೋನಾ ಜುಲ್ಮೀರಾ ಅವರಿಗೆ ಎಂಬತ್ತೊಂದು. ಮನೆಬಾಗಿಲಿಗೆ ಬಂದ ಟೈ ಕಟ್ಟಿದ ಆಸಾಮಿಯಿಂದ 'ಅಪ್ಪಟ ಪೋರ್ಚುಗಲ್ ಆಲಿವ್ ಎಣ್ಣೆ' ಕೊಂಡಿದ್ದರು. ನಮ್ಮ ಬೀದಿಯ ಒಂಬತ್ತು ಮುದುಕಿಯರು ಅದಾಗಲೇ ಅವನಿಂದ ಕೊಂಡು, ದೂರು ಕೊಡಲು ಪುರಾವೆಯಿಲ್ಲದೆ ಸುಮ್ಮನಿದ್ದರು.

ಡಬ್ಬಿಯ ಮುದ್ರೆ ಕಿತ್ತು ಮೂಸಿದೆ. ಸೋಯಾ ವಾಸನೆ. ಆದರೆ ಮೂಗಿನ ಸಾಕ್ಷಿ ವಿಜ್ಞಾನವಲ್ಲ. ಆಲಿವ್ ಎಣ್ಣೆ ಸೋಯಾಗಿಂತ ಬೇಗ ಗಟ್ಟಿಯಾಗುತ್ತದೆ. ಇದು ಎಷ್ಟು ತಂಪಿಗೆ ಗಟ್ಟಿಯಾಗುತ್ತದೆಂದು ಅಳೆಯಲು ಹನ್ನೆರಡು ಲೋಟಗಳಿಗೆ ಸುರಿದು ಫ್ರೀಜರಿಗಿಟ್ಟೆ. ಜಾಗಕ್ಕಾಗಿ, ಒಳಗಿದ್ದ ಚೀಸ್ ಬನ್ನಿನ ಇನ್ನೂರು ಹಸಿ ಉಂಡೆಗಳನ್ನು ಹೊರಗಿಟ್ಟೆ. ಬ್ರೆಜಿಲಿನ ನಮ್ಮ ಮೀನಾಸ್ ಸೀಮೆಯ ಮನೆಗಳಲ್ಲಿ ಇದಕ್ಕೆ ಕ್ಷಮೆಯಿಲ್ಲ. ಸಂಜೆಗೆ ಇನ್ನೂರು ಉಂಡೆ ಕರಗಿ ಒಂದೇ ಉಂಡೆಯಾಗಿತ್ತು.

"ಜಪಮಾಲೆ ಪ್ರಾರ್ಥನೆಯ ಹೆಂಗಸರು ನಾಳೆ ಬರ್ತಾರೆ. ಬನ್ನಿನ ಬದಲು ಎಣ್ಣೆ ಲೋಟ ಹಿಡಿದು ನಿಲ್ಲಲಾ?" ಎಂದಳು ಹೆಂಡತಿ ಮಾರ್ಲೆನಿ.

"ಬಿಡೆ, ಒಳ್ಳೆ ಮನಸ್ಸಿಂದಾನೇ ಹಾಳು ಮಾಡಿದ್ದಾರೆ" ಎಂದರು ಅತ್ತೆ. "ಅಳಿಯಂದಿರೇ, ಇನ್ನೆಷ್ಟು ದಿನ ಪರೀಕ್ಷೆ?"

"ಎಂಟು ದಿನ, ಅತ್ತೆ. ಮೂರು ಸಲ ಅದೇ ಫಲಿತಾಂಶ ಬರಬೇಕು."

"ಬಾಗಿಲಲ್ಲಿ ಕೊಂಡಿದ್ದನ್ನ ಏಳು ದಿನದೊಳಗೆ ಬೇಡ ಅನ್ನಬಹುದು. ಕಾನೂನು ಕಾರಣಾನೂ ಕೇಳಲ್ಲ. ನಾಳೆ ಏಳನೇ ದಿನ. ಬೆಳಿಗ್ಗೆ ಎಂಟು ಗಂಟೆಗೆ ರೆಡಿಯಾಗಿ."

ಗ್ರಾಹಕ ರಕ್ಷಣಾ ಕಚೇರಿಯಲ್ಲಿ, ಅರವತ್ತು ದಾಟಿದವರ ಆದ್ಯತೆಯ ಸರದಿ ಚೀಟಿಯನ್ನು ಹೆಮ್ಮೆಯಿಂದ ಪಡೆದೆ. ಎಂಬತ್ತು ದಾಟಿದವರಿಗೆ ಅದಕ್ಕೂ ಮೊದಲ ಸರದಿ. ನಾನು ಕುರ್ಚಿ ಹುಡುಕುವಷ್ಟರಲ್ಲಿ ಅತ್ತೆ ಅಧಿಕಾರಿಯ ಎದುರು ಕೂತಿದ್ದರು. ಓಡಿಹೋಗಿ ನನ್ನ ಅರೆಬರೆ ವರದಿಯನ್ನೂ ಡಬ್ಬಿಯನ್ನೂ ಮುಂದಿಟ್ಟೆ.

"ತೆರೆದ ಡಬ್ಬಿ ಸಾಕ್ಷಿಗೆ ಬರಲ್ಲ ಸರ್. ನೀವೇ ಏನಾದ್ರೂ ಬೆರೆಸಿದ್ರಿ ಅಂತಾನೆ ಅವನು" ಎಂದಳು ಅಧಿಕಾರಿ.

ನನ್ನ ವಿಜ್ಞಾನ ಅಲ್ಲೇ ಹೆಪ್ಪುಗಟ್ಟಿತು. ಒಂಬತ್ತು ಮುದುಕಿಯರ ಮುಖ ನೆನಪಾಯಿತು.

ಅತ್ತೆ ಕೈಚೀಲದಿಂದ, ಮುದ್ರೆ ಒಡೆಯದ ಇನ್ನೊಂದು ಡಬ್ಬಿ ತೆಗೆದರು. ಜೊತೆಗೆ ಆಸಾಮಿಯ ಹೆಸರು, ವಿಳಾಸ, ಸಹಿಯಿದ್ದ ರಸೀದಿ.

"ಇದನ್ನೆಲ್ಲ ಹೇಗೆ ಬರೆಸಿಕೊಂಡ್ರಿ, ದೋನಾ ಜುಲ್ಮೀರಾ?" ಎಂದು ಅಧಿಕಾರಿ ಕೇಳಿದಳು.

"ನನಗೆ ಮರೆವು ಜಾಸ್ತಿ, ಎಲ್ಲಾ ಬರೆದುಕೊಡಪ್ಪ ಅಂದೆ. ಪಾಪ, ನಂಬಿಬಿಟ್ಟ. ಆ ಒಂಬತ್ತು ಜನರ ಪರವಾಗಿ ಯಾರಾದ್ರೂ ಒಬ್ಬರು ಸರಿಯಾಗಿ ಮೋಸ ಹೋಗಬೇಕಿತ್ತಲ್ಲ."

ಅಧಿಕಾರಿ ಎದ್ದು ನಿಂತು ಅವರ ಕೈಕುಲುಕಿದಳು. "ಪುರಾವೆಗೆ ಒಂದೇ ಸಾಕಿತ್ತಲ್ಲ, ಎರಡು ಯಾಕೆ ತಗೊಂಡ್ರಿ?"

ಅತ್ತೆ ನನ್ನತ್ತ ಪ್ರೀತಿಯಿಂದಲೇ ನೋಡಿದರು.

"ಮನೇಲಿ ವಿಜ್ಞಾನಿ ಇದ್ದಾರಮ್ಮ."